ಸ್ಟೋಕ್ ರೋ: ಕಾಶಿ ಮಹಾರಾಜರು ಬಾವಿ ತೋಡಿಸಿಕೊಟ್ಟ ಇಂಗ್ಲೆಂಡಿನ ಹಳ್ಳಿ

ರೆಡಿಂಗ್ ರಾಯರು

ಬೇಸಿಗೆ ಬಂತು ಅಂದ್ರೆ ಇಂಗ್ಲೆಂಡಿನಲ್ಲಿರೋ ನಮ್ಮ ಕನ್ನಡಿಗರ ಗುಂಪಿನಲ್ಲಿ ಅವೇ ಎರಡು ಮೂರು ಹಳ್ಳಿಗಳ ಹೆಸರು: ಬೈಬರಿ, ಕಾಸಲ್ ಕೂಂಬ್, ಮತ್ತೆ ಬೈಬರಿ. ಅಲ್ಲಿಗೆ ಹೋಗಿ ಕಾರು ನಿಲ್ಲಿಸೋಕೆ ಜಾಗ ಹುಡುಕೋದರಲ್ಲೇ ಅರ್ಧ ದಿನ ಕಳೆದವರು ಇಲ್ಲಿ ಬಹಳ ಜನ ಇದ್ದೀರಿ. ಅದಕ್ಕೇ ಯಾರೂ ಹೆಸರೆತ್ತದ ಒಂದು ಹಳ್ಳಿ ಬಗ್ಗೆ ಬರೀತಿದ್ದೀನಿ.

ಸ್ಟೋಕ್ ರೋ. ಆಕ್ಸ್‌ಫರ್ಡ್‌ಶೈರ್‌ಗೆ ಸೇರಿದ್ದು, ಚಿಲ್ಟರ್ನ್ ಗುಡ್ಡಗಳ ಮೇಲಿದೆ. ರೆಡಿಂಗ್‌ನಿಂದ ಉತ್ತರಕ್ಕೆ ಹೆಚ್ಚೂಕಮ್ಮಿ ಒಂಬತ್ತು ಮೈಲಿ. ಒಂದೇ ಮುಖ್ಯ ರಸ್ತೆ, ಒಂದು ಚರ್ಚು, ಶಾಲೆ, ಪಬ್ಬು, ಸುತ್ತ ಬೀಚ್ ಮರಗಳ ಕಾಡು. ಆ ರಸ್ತೆಯ ಪಕ್ಕದಲ್ಲೇ ಕಬ್ಬಿಣದ ಕಂಬಗಳ ಮೇಲೆ ನಿಂತ ಒಂದು ಗುಮ್ಮಟ ಕಾಣುತ್ತೆ. ಕೆಳಗೆ ನೀರು ಸೇದುವ ಯಂತ್ರ, ಯಂತ್ರದ ನೆತ್ತಿಯಲ್ಲಿ ಚಿನ್ನದ ಬಣ್ಣದ ಆನೆ. ಮೊದಲ ಸಲ ನೋಡಿದವರು ಯಾರೋ ಭಾರತೀಯ ರೆಸ್ಟೋರೆಂಟಿನವರು ಜಾಹೀರಾತಿಗೆ ಇಟ್ಟಿದ್ದಾರೇನೋ ಅಂದುಕೊಳ್ಳಬೇಕು, ಹಾಗಿದೆ!

ಅದು ಬಾವಿ. ನಾಲ್ಕು ಅಡಿ ಅಗಲ, 368 ಅಡಿ ಆಳ. ಪೂರ್ತಿ ಕೈಯಲ್ಲೇ ತೋಡಿದ್ದು. ತೋಡಿಸಿದವರು ಕಾಶಿಯ ಮಹಾರಾಜ ಈಶ್ವರೀ ಪ್ರಸಾದ್ ನಾರಾಯಣ ಸಿಂಗ್. ಕೆಲಸ ಶುರುವಾದದ್ದು 1863ರ ಮಾರ್ಚ್‌ನಲ್ಲಿ, ಊರಿಗೆ ಒಪ್ಪಿಸಿದ್ದು 1864ರ ಮೇ 24ರಂದು.

ಹಿನ್ನೆಲೆ ಹೀಗೆ. ಎಡ್ವರ್ಡ್ ಆಂಡರ್ಡನ್ ರೀಡ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ. ಸ್ಟೋಕ್ ರೋ ಪಕ್ಕದ ಇಪ್ಸ್‌ಡೆನ್‌ನ ಜಮೀನ್ದಾರಿ ಮನೆತನದವನು. ವಾಯವ್ಯ ಪ್ರಾಂತ್ಯದಲ್ಲಿ, ಅಂದ್ರೆ ಇವತ್ತಿನ ಉತ್ತರ ಪ್ರದೇಶದಲ್ಲಿ, ದಶಕಗಟ್ಟಲೆ ಕೆಲಸ ಮಾಡಿದ. 1831ರಲ್ಲಿ ಆಜಮ್‌ಗಢದ ಕಡೆ ಜನರಿಗೆ ಅಂತ ಒಂದು ಬಾವಿ ತೋಡಿಸಿದ್ದ. ಮಹಾರಾಜರ ಜತೆ ಒಳ್ಳೆ ಸ್ನೇಹ ಬೆಳೆದಿತ್ತು. ಒಮ್ಮೆ ಮಾತಿನ ಮಧ್ಯೆ ತನ್ನ ಊರ ಕಡೆಯ ಕಷ್ಟ ಹೇಳಿಕೊಂಡನಂತೆ: ಬೇಸಿಗೆಯಲ್ಲಿ ಮನೆಯಲ್ಲಿ ಉಳಿದಿದ್ದ ಕೊನೆ ಗುಟುಕು ನೀರು ಕುಡಿದುಬಿಟ್ಟ ಅಂತ ಒಬ್ಬ ಹುಡುಗನಿಗೆ ಅವನ ತಾಯಿಯೇ ಬಾರಿಸಿದ್ದು. ರೀಡ್ 1860ರಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದ. ಆಮೇಲೆ ಇಂಗ್ಲೆಂಡಿನಲ್ಲಿ ಏನಾದರೂ ದಾನ ಮಾಡಬೇಕು ಅನ್ನಿಸಿದಾಗ ಮಹಾರಾಜರಿಗೆ ಈ ಕಥೆ ನೆನಪಾಯ್ತು.

ಯಾರಾದರೂ ಹೋಗಿದ್ದೀರಾ? ನೋಡಿದವರು ಬರೀರಿ.

ಮಳೆನಾಡ ಹಕ್ಕಿ

ನನಗೆ ಒಂದೇ ಪ್ರಶ್ನೆ ರಾಯರೇ. ಇಂಗ್ಲೆಂಡಲ್ಲಿ ನೀರಿಗೆ ಬರವಾ? ವರ್ಷಪೂರ್ತಿ ಜಿಟಿಜಿಟಿ ಅಂತ ಸುರೀತಾನೇ ಇರುತ್ತೆ, ನನ್ನ ಛತ್ರಿ ಒಣಗಿದ್ದನ್ನ ನಾನು ನೋಡೇ ಇಲ್ಲ.

ಸುಣ್ಣಕಲ್ಲು

ಭೂವಿಜ್ಞಾನ ಓದಿದವನು, ಇದಕ್ಕೆ ನಾನು ಬರಲೇಬೇಕು.

ಚಿಲ್ಟರ್ನ್ಸ್ ಅಂದ್ರೆ ಚಾಕ್ ಗುಡ್ಡ. ಸೀಮೆಸುಣ್ಣದಂಥ ಮೆತ್ತನೆಯ ಬಿಳಿ ಸುಣ್ಣಕಲ್ಲು. ತುಂಬಾ ಬಿರುಕು, ತುಂಬಾ ರಂಧ್ರ. ಎಷ್ಟು ಮಳೆ ಬಿದ್ದರೂ ಸೋಸಿಕೊಂಡು ಕೆಳಗೆ ಹೋಗುತ್ತೆ. ಹಾಗಾಗಿ ಗುಡ್ಡದ ಮೇಲೆ ಹೊಳೆ ಇಲ್ಲ, ತೊರೆ ಇಲ್ಲ, ಕಣಿವೆಗಳು ಕೂಡ ಒಣ ಕಣಿವೆಗಳೇ. ಕೆಲವೇ ಮೈಲಿ ದೂರದಲ್ಲಿ ಥೇಮ್ಸ್ ತುಂಬಿ ಹರೀತಿದ್ದರೂ ಗುಡ್ಡದ ನೆತ್ತಿಯಲ್ಲಿ ಕೂತವರಿಗೆ ಅದರಿಂದ ಉಪಯೋಗ ಇಲ್ಲ. ನೀರು ಬೇಕು ಅಂದ್ರೆ ಅಂತರ್ಜಲ ಸಿಗೋವರೆಗೆ ಇಳೀಬೇಕು. ಸ್ಟೋಕ್ ರೋದಲ್ಲಿ ಅದು ಮುನ್ನೂರು ಚಿಲ್ಲರೆ ಅಡಿ.

ಚಾಕ್ ಮೇಲೆ ಅಲ್ಲಲ್ಲಿ ಚಕಮಕಿ ಕಲ್ಲು ಬೆರೆತ ಜೇಡಿಮಣ್ಣಿನ ಪದರ ಇದೆ. ಅದು ನೀರು ಹಿಡಿದಿಟ್ಟುಕೊಳ್ಳುತ್ತೆ. ಇಟ್ಟಿಗೆಗೆ ಅಂತ ಮಣ್ಣು ತೆಗೆದ ಗುಂಡಿಗಳಲ್ಲಿ ಮಳೆ ನೀರು ನಿಲ್ಲುತ್ತಿತ್ತು, ಜನ ಅದನ್ನೇ ಕುಡೀತಿದ್ದರು. ದನಕರು ಇಳಿದು ಕಲಕಿದ ನೀರು. ಬೇಸಿಗೆಯಲ್ಲಿ ಅದೂ ಬತ್ತಿದರೆ ಬಟ್ಟೆ ಒಗೆಯೋದೇ ನಿಲ್ಲಿಸುತ್ತಿದ್ದರಂತೆ. ಒಂದು ಮನೆಯಲ್ಲಿ ತರಕಾರಿ ಬೇಯಿಸಿದ ನೀರನ್ನು ಪಕ್ಕದ ಮನೆಗೆ ಅಡುಗೆಗೆ ಕೊಡುತ್ತಿದ್ದರಂತೆ. ಮಳೆ ಎಷ್ಟು ಬೀಳುತ್ತೆ ಅನ್ನೋದಕ್ಕಿಂತ ಕಾಲಡಿ ಯಾವ ಕಲ್ಲಿದೆ ಅನ್ನೋದು ಮುಖ್ಯ.

ಕರದಂಟು ಪ್ರಿಯ

ಅಲ್ರೀ ರಾಯರ, 368 ಫೂಟು ಅಂದ್ರ ಸುಮ್ನ ಮಾತಲ್ಲರಿ. ಮುರುಡೇಶ್ವರದ ಈಶ್ವರನ ಮೂರ್ತಿ 123 ಫೂಟು ಐತಿ. ಅಂಥಾ ಮೂರು ಮೂರ್ತಿ ಒಂದರ ಮ್ಯಾಲ ಒಂದು ನಿಲ್ಸಿದ್ರ 369. ಅಷ್ಟ ಆಳ!

ನಮ್ಮ ಮುತ್ಯಾನ ಕಾಲದಾಗ ಹೊಲದಾಗ ಬಾವಿ ತೋಡಿದ್ದನ್ನ ಮನಿಯಾಗ ಇನ್ನೂ ಹೇಳ್ತಾರ. ಅರವತ್ತ ಫೂಟ್ ಇಳಿಯೂದ್ರಾಗ ಹೈರಾಣ ಆಗಿದ್ರಂತ. ಕೆಳಗ ಕಂದೀಲ ಇಳಿಬಿಟ್ಟು ನೋಡೂದು, ದೀಪ ಆರಿತಂದ್ರ ಗಾಳಿ ಕೆಟ್ಟೈತಿ, ಯಾರೂ ಇಳಿಯಂಗಿಲ್ಲ. ನಾಕು ಫೂಟಿನ ಸಂದ್ಯಾಗ ಎಷ್ಟ ಮಂದಿ ನಿಂತು ಹಾರಿ ಹೊಡದಾರು? ಒಬ್ಬ, ಬಾಳಂದ್ರ ಇಬ್ರು. ಮ್ಯಾಲ ನೋಡಿದ್ರ ಆಕಾಶ ಒಂದು ಬಿಲ್ಲೆಯಷ್ಟು ಕಾಣತಿರಬೇಕು. ಮಹಾರಾಜಾ ರೊಕ್ಕ ಕೊಟ್ಟ, ಸಾಹೇಬ ಹೆಸರ ಕೊಟ್ಟ. ತೋಡಿದಾಂವ ಯಾರು, ಅದನ್ನ ಯಾರರ ಹೇಳ್ರಿ.

ರೆಡಿಂಗ್ ರಾಯರು

ಕರದಂಟು ಅವರೇ, ನಿಮ್ಮ ಮಾತು ನಿಜ. ಗುಮ್ಮಟದ ಸುತ್ತ ದೊಡ್ಡಕ್ಷರದಲ್ಲಿ ಇರೋದು ಮಹಾರಾಜರ ಹೆಸರು. ಯಂತ್ರ ಮಾಡಿಕೊಟ್ಟದ್ದು ವಾಲಿಂಗ್‌ಫರ್ಡ್‌ನ ವೈಲ್ಡರ್ ಅನ್ನೋ ಎರಕದ ಕಾರ್ಖಾನೆ. ತೋಡಿದವರ ಹೆಸರು ಹಾಕಿದ ಫಲಕ ಅಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಖರ್ಚಿನ ಲೆಕ್ಕ ಮಾತ್ರ ಚೆನ್ನಾಗಿ ಇಟ್ಟಿದ್ದಾರೆ. ಬಾವಿಗೆ 353 ಪೌಂಡ್ ಚಿಲ್ಲರೆ, ಯಂತ್ರಕ್ಕೆ 39 ಪೌಂಡ್ ಚಿಲ್ಲರೆ, ಬಾವಿ ನೋಡಿಕೊಳ್ಳುವವನಿಗೆ ಪಕ್ಕದಲ್ಲಿ ಒಂದು ಪುಟ್ಟ ಮನೆ, ಅದಕ್ಕೆ 74 ಪೌಂಡ್ ಚಿಲ್ಲರೆ. ಆ ಮನೆ ಈಗಲೂ ಇದೆ, ಬೊಂಬೆ ಮನೆ ಥರ ಕಾಣುತ್ತೆ.

ಕುಡ್ಲದ ಕೂಸು

ಮಾರಾಯ್ರೆ, ನಾವು ಹೋಗಿದ್ದೇವೆ! ನೀವು ಚೆರ್ರಿ ತೋಟದ ವಿಷಯವನ್ನೇ ಬಿಟ್ಟುಬಿಟ್ಟಿರಲ್ಲ. ನನಗೆ ಬಾವಿಗಿಂತ ಹೆಚ್ಚು ಇಷ್ಟವಾದದ್ದು ಅದುವೇ.

ಬಾವಿಯ ಹಿಂದೆ ನಾಲ್ಕು ಎಕರೆ ಜಾಗ ತೆಗೆದುಕೊಂಡು ಚೆರ್ರಿ ಗಿಡ ನೆಡಿಸಿದ್ರು. ಹಣ್ಣು ಮಾರಿದ ದುಡ್ಡಿನಲ್ಲಿ ಬಾವಿಯ ರಿಪೇರಿ, ನೋಡಿಕೊಳ್ಳುವವನ ಸಂಬಳ ಎಲ್ಲ ನಡೀಬೇಕು ಅಂತ ಲೆಕ್ಕಾಚಾರ. ನಮ್ಮ ಕಡೆ ದೇವಸ್ಥಾನಕ್ಕೆ ತೆಂಗಿನ ತೋಟ ಉಂಬಳಿ ಬಿಡುವುದಿಲ್ವಾ, ಅದೇ ಏರ್ಪಾಡು. ದಾನ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಬಾವಿ ನಾಳೆ ಹೇಗೆ ನಡೀಬೇಕು ಅಂತಲೂ ಯೋಚನೆ ಮಾಡಿದ್ದಾರೆ. ನೀರಿಗೆ ಊರವರಿಂದ ಒಂದು ಪೆನ್ನಿ ಕೂಡ ತೆಗೆದುಕೊಳ್ಳುತ್ತಿರಲಿಲ್ಲ.

ತೋಟದ ಹೆಸರು ಈಶ್ರೀ ಬಾಗ್, ಮಹಾರಾಜರ ಹೆಸರಿನಿಂದಲೇ. ಅದರೊಳಗೆ ಮೀನಿನ ಆಕಾರದ ಒಂದು ಹೊಂಡ. ಕಾಶಿ ರಾಜರ ಲಾಂಛನದಲ್ಲಿ ಮೀನು ಇದೆ ನೋಡಿ. ಹೊಂಡ ತೋಡಿದ ಮಣ್ಣು ರಾಶಿ ಬಿದ್ದ ದಿಬ್ಬಕ್ಕೂ ಪ್ರಭು ಟೀಲಾ ಅಂತ ಹೆಸರು, ಮಹಾರಾಜರ ನಂತರ ಪಟ್ಟಕ್ಕೆ ಬಂದ ಪ್ರಭು ನಾರಾಯಣ ಸಿಂಗ್ ಅವರದ್ದು. ಆಕ್ಸ್‌ಫರ್ಡ್‌ಶೈರಿನ ಒಂದು ಮೂಲೆಯಲ್ಲಿ ಬಾಗ್, ಟೀಲಾ! ನಮ್ಮ ಅಮ್ಮ ಬಂದಿದ್ದಾಗ ಗುಮ್ಮಟದ ಕೆಳಗೆ ನಿಂತು ಕೈ ಮುಗಿದ್ರು. ನಾನು ಬೇಡ ಅಮ್ಮ ಜನ ನೋಡ್ತಾರೆ ಅಂದೆ. ನೀರು ಕೊಟ್ಟ ಜಾಗ ಅಲ್ವಾ ಮಗ, ನೋಡಿದ್ರೆ ನೋಡ್ಲಿ ಅಂದ್ರು.

ಕಡತ ಹುಳು

ಕೈ ಮುಗಿಯೋದಕ್ಕೆ ಮುಂಚೆ ಸ್ವಲ್ಪ ಲೆಕ್ಕ ನೋಡೋಣ. ಈ ಕಥೆ ವಾಟ್ಸಾಪ್‌ನಲ್ಲಿ ವರ್ಷಕ್ಕೊಮ್ಮೆ ಸುತ್ತುತ್ತೆ: "ಇಂಗ್ಲಿಷರಿಗೇ ನೀರು ಕುಡಿಸಿದ ಭಾರತೀಯ ರಾಜ." ಓದೋಕೆ ಖುಷಿ. ಆದರೆ ಯಾವ ರಾಜ, ಯಾವ ಕಾಲ?

1781ರಲ್ಲಿ ಕಾಶಿಯ ಚೇತ್ ಸಿಂಗ್ ವಾರನ್ ಹೇಸ್ಟಿಂಗ್ಸ್ ವಿರುದ್ಧ ತಿರುಗಿಬಿದ್ದು ಗದ್ದಿಗೆ ಕಳಕೊಂಡ. 1794ರ ಒಪ್ಪಂದದ ಹೊತ್ತಿಗೆ ಆಡಳಿತವೆಲ್ಲ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಗಿತ್ತು. ಈಶ್ವರೀ ಪ್ರಸಾದ್ ಪಟ್ಟಕ್ಕೆ ಬಂದದ್ದು 1835ರಲ್ಲಿ, ಆಗ ಅವರು ದೊಡ್ಡ ಜಮೀನ್ದಾರರಷ್ಟೇ. ಕಾಶಿಗೆ ಸಂಸ್ಥಾನದ ಸ್ಥಾನ ಸಿಕ್ಕಿದ್ದು 1911ರಲ್ಲಿ. 1857ರಲ್ಲಿ ಅವರು ಬ್ರಿಟಿಷರ ಪಕ್ಕ ನಿಂತರು. ರೀಡ್ ಆಗ ಆಗ್ರಾದಲ್ಲಿದ್ದ. ಲೆಫ್ಟಿನೆಂಟ್ ಗವರ್ನರ್ ಕಾಲ್ವಿನ್ ಅಲ್ಲೇ ಕೋಟೆಯೊಳಗೆ ತೀರಿಕೊಂಡ ಮೇಲೆ ಸ್ವಲ್ಪ ದಿನ ಅಧಿಕಾರ ನೋಡಿಕೊಂಡವನು ಇವನೇ. ಅಂದ್ರೆ ಇದು ಇಬ್ಬರು ಸ್ನೇಹಿತರ ಕಥೆ ಮಾತ್ರ ಅಲ್ಲ.

ಬಾವಿ ತೆರೆದ ದಿನ ನೋಡಿ, ಮೇ 24. ರಾಣಿ ವಿಕ್ಟೋರಿಯಾ ಹುಟ್ಟುಹಬ್ಬ. 1871ರಲ್ಲಿ ರಾಣಿಯ ಮಗಳು ಲೂಯಿಸ್ ಮದುವೆ ಆದಾಗ ಮಹಾರಾಜರು ಅದೇ ಊರಿಗೆ ಮತ್ತೆ ಕೊಡುಗೆ ಕೊಟ್ಟರು. 1882ರಲ್ಲಿ ವಿಂಡ್ಸರ್‌ನಲ್ಲಿ ರಾಣಿ ಮೇಲೆ ಗುಂಡು ಹಾರಿ ಆಕೆ ಪಾರಾದಾಗ ಊರವರಿಗೆ ಬ್ರೆಡ್ಡು, ಟೀ, ಸಕ್ಕರೆ ಹಂಚಿಸಿ ಊಟ ಹಾಕಿಸಿದರು. ಪ್ರತಿ ದಾನಕ್ಕೂ ಒಂದು ಅರಮನೆ ಸುದ್ದಿ ಅಂಟಿಕೊಂಡಿದೆ. ದುಡ್ಡು ಎಲ್ಲಿಂದ ಬಂತು? ಗಂಗಾ ಬಯಲಿನ ರೈತರ ಕಂದಾಯದಿಂದ. ಆ ಪ್ರಾಂತ್ಯದ ಪಶ್ಚಿಮ ಭಾಗದಲ್ಲಿ 1860–61ರಲ್ಲಿ ಭೀಕರ ಬರ ಬಂದು ಲಕ್ಷಗಟ್ಟಲೆ ಜನ ಸತ್ತಿದ್ದರು. ಅದಾಗಿ ಎರಡು ವರ್ಷಕ್ಕೆ ಇಂಗ್ಲೆಂಡಿನಲ್ಲಿ ಬಾವಿ!

ಮಳೆನಾಡ ಹಕ್ಕಿ

ಅಯ್ಯೋ, ಒಳ್ಳೆ ಮೂಡಲ್ಲಿ ಓದ್ತಿದ್ದೆ, ನೀರು ಸುರಿದುಬಿಟ್ರಿ.

ಸುಣ್ಣಕಲ್ಲು

ಹುಳು ಅವರು ಹೇಳಿದ ಇಸವಿಗಳ ಬಗ್ಗೆ ತಕರಾರಿಲ್ಲ. ನಿಷ್ಠೆ ತೋರಿಸೋದು ಇತ್ತು, ಒಪ್ಪಿದೆ. ಆದರೆ ನಿಷ್ಠೆ ತೋರಿಸೋಕೆ ಬೇರೆಯವರು ಏನು ಮಾಡಿದರು ಅಂತಲೂ ನೋಡಿ. ವಿಜಯನಗರಂ ಮಹಾರಾಜರು 1867ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಕುಡಿಯುವ ನೀರಿನ ಕಾರಂಜಿ ಕಟ್ಟಿಸಿದರು, 1964ರಲ್ಲಿ ತೆಗೆದುಹಾಕಿದರು. ಮುಂಬೈನ ಪಾರ್ಸಿ ಸಾಹುಕಾರ ಕೋವಾಸ್ಜಿ ಜಹಾಂಗೀರ್ ರೆಡಿಮನಿ 1869ರಲ್ಲಿ ರೀಜೆಂಟ್ಸ್ ಪಾರ್ಕ್‌ನಲ್ಲಿ ಇನ್ನೊಂದು ಕಟ್ಟಿಸಿದರು, ಅದು ಈಗಲೂ ಇದೆ. ಎರಡೂ ರಾಜಧಾನಿಯ ನಡುಮಧ್ಯೆ, ದೊಡ್ಡವರು ಗಾಡಿಯಲ್ಲಿ ಓಡಾಡೋ ಜಾಗದಲ್ಲಿ. ಕಾಶಿಯವರು ಕೊಟ್ಟದ್ದು ಯಾರೂ ಬಂದು ನೋಡದ ಗುಡ್ಡದ ಮೇಲಿನ ಕೂಲಿಕಾರರಿಗೆ. ಬರೀ ಹೆಸರೇ ಬೇಕಿದ್ದರೆ ಸ್ಟೋಕ್ ರೋವನ್ನು ಯಾಕೆ ಆರಿಸಿಕೊಳ್ಳಬೇಕಿತ್ತು?

ಕಡತ ಹುಳು

ರೀಡ್ ಅಲ್ಲಿಯವನು, ಅದಕ್ಕೆ. ರೀಡ್‌ಗೆ ಗೌರವ ಕೊಟ್ಟರೆ ಸಾಕು, ಮಿಕ್ಕಿದ್ದು ತಾನೇ ತಲುಪುತ್ತೆ. ಇಪ್ಸ್‌ಡೆನ್‌ನಲ್ಲಿ ಇನ್ನೊಂದು ಬಾವಿ ಇದೆ ಗೊತ್ತಾ? 1865ರದ್ದು. ಅದೂ ಕಾಶಿಯ ಕಡೆಯ ರಾಜಾ ದೇವನಾರಾಯಣ ಸಿಂಗ್ ರೀಡ್ ಗೌರವಕ್ಕೆ ಅಂತ ಕಟ್ಟಿಸಿದ್ದು. ಒಬ್ಬರು ಮಾಡಿದ್ದನ್ನು ನೋಡಿ ಇನ್ನೊಬ್ಬರು.

ಮಹಾರಾಜರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ರಾಮನಗರದ ರಾಮಲೀಲಾ ಇವತ್ತಿನ ರೂಪಕ್ಕೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಫಲಕದಲ್ಲಿ ಇರದ ರೈತರನ್ನೂ ಲೆಕ್ಕಕ್ಕೆ ಸೇರಿಸಿ ಅಂತಿದ್ದೀನಿ, ಅಷ್ಟೇ.

ಕರದಂಟು ಪ್ರಿಯ

ಹುಳು ಸಾಹೇಬ್ರ, ನಿಮ್ಮ ರೈತ, ನನ್ನ ಬಾವಿ ತೋಡಿದಾಂವ, ಇಬ್ಬರೂ ಫಲಕದಾಗ ಇಲ್ಲ. ನಾವಿಬ್ರೂ ಒಂದ ಪಾರ್ಟಿ ಆದ್ವಿ ನೋಡ್ರಿ.

ಆದ್ರ ಒಂದ ಮಾತು. ಗಡಗಡಿ ತಿರುವಿ ಒಂದ ಬಕೆಟ್ ನೀರು ಮ್ಯಾಲ ಬರಾಕ ಹತ್ತ ನಿಮಿಷ ಬೇಕಿತ್ತಂತ. ಹತ್ತ ನಿಮಿಷ ತಿರುವಿ, ತಿಳಿ ನೀರು ಕಂಡ ಹೆಣ್ಮಗಳು ಅದರಾಗ ರಾಜಕೀಯ ಹುಡುಕಿರ್ತಾಳೇನ್ರಿ?

ಕುಡ್ಲದ ಕೂಸು

ಏಳು ದಶಕ ಊರಿಗೆ ಊರೇ ಆ ನೀರು ಕುಡಿದಿದೆ. ಮನೆಮನೆಗೆ ನಲ್ಲಿ ಬಂದ ಮೇಲೆ ನಿಧಾನಕ್ಕೆ ಬಿಟ್ಟುಬಿಟ್ರು. ಈಗ ಬಾವಿಯ ಬಾಯಿ ಮುಚ್ಚಿದ್ದಾರೆ, ಟ್ರಸ್ಟಿನವರು ಗುಮ್ಮಟ, ತೋಟ ಎಲ್ಲ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದಾರೆ.

ಮತ್ತೆ ನೂರು ವರ್ಷ ತುಂಬಿದಾಗ, 1964ರ ಏಪ್ರಿಲ್‌ನಲ್ಲಿ, ಪ್ರಿನ್ಸ್ ಫಿಲಿಪ್ ಬಂದಿದ್ರು. ಕಾಶಿಯಿಂದ ಗಂಗಾಜಲ ತಂದು ಬಾವಿಗೆ ಹೊಯ್ದಿದ್ದಾರೆ. ಹಾಗಾಗಿ ನಮ್ಮ ಅಮ್ಮ ಕೈ ಮುಗಿದದ್ದರಲ್ಲಿ ತಪ್ಪೇನೂ ಇಲ್ಲ, ಹುಳು ಅವರಿಗೆ ಹೇಳಿದ್ದು!

ಹೊಸ ವಲಸಿಗ

ಎಲ್ಲರಿಗೂ ನಮಸ್ಕಾರ. ನಾವು ರೆಡಿಂಗ್‌ಗೆ ಹೊಸಬರು. ಮನೇಲಿ ಇಬ್ಬರು ಚಿಕ್ಕ ಮಕ್ಕಳು, ಜತೆಗೆ ಊರಿಂದ ಬಂದಿರೋ ಅತ್ತೆ ಮಾವ. ಬಾವಿ ನೋಡೋಕೆ ಅರ್ಧ ಗಂಟೆ ಸಾಕು ಅನ್ಸುತ್ತೆ. ಇಡೀ ದಿನ ಕಳೆಯೋಕೆ ಅಲ್ಲಿ ಬೇರೆ ಏನಿದೆ? ಸಸ್ಯಾಹಾರಿ ಊಟ ಸಿಗುತ್ತಾ? ಟಿಕೆಟ್ ಎಷ್ಟು?

ರೆಡಿಂಗ್ ರಾಯರು

ಟಿಕೆಟ್ ಇಲ್ಲ, ಗೇಟಿಲ್ಲ, ರಸ್ತೆ ಪಕ್ಕದಲ್ಲೇ ಇದೆ. ಅರ್ಧ ಗಂಟೆ ಸಾಕು ಅನ್ನೋದೂ ನಿಜ. ಊರಿನ ಸೇಂಟ್ ಜಾನ್ ಚರ್ಚು 1846ರದ್ದು, ಚಕಮಕಿ ಕಲ್ಲಿನ ಗೋಡೆ, ಹೊರಗಿಂದ ನೋಡಿದರೂ ಆಯ್ತು. ಕ್ರುಕೆಡ್ ಬಿಲೆಟ್ ಅಂತ ಹಳೇ ಪಬ್ ಒಂದಿದೆ, ಕಾಡಿನ ಅಂಚಿನಲ್ಲಿ. ಕೇಟ್ ವಿನ್‌ಸ್ಲೆಟ್ 1998ರಲ್ಲಿ ಮದುವೆ ಊಟ ಹಾಕಿಸಿದ್ದು ಅಲ್ಲೇ. ಮೆನು ಸಾಸೇಜು, ಆಲೂಗಡ್ಡೆ! ಅತ್ತೆ ಮಾವ ಇದ್ದಾರೆ ಅಂದ್ರೆ ಬುತ್ತಿ ಕಟ್ಟಿಕೊಂಡು ಹೋಗೋದೇ ವಾಸಿ. ಚಿತ್ರಾನ್ನ, ಮೊಸರನ್ನ ಡಬ್ಬಿಗೆ ತುಂಬಿಕೊಂಡು ಹೊರಟರೆ ಕೂತು ತಿನ್ನೋಕೆ ಚೆರ್ರಿ ತೋಟ ಇದ್ದೇ ಇದೆ. ಎಲೆ, ಕವರ್ ಅಲ್ಲೇ ಬಿಸಾಡಬೇಡಿ, ಅಷ್ಟೇ.

ಸುಣ್ಣಕಲ್ಲು

ದಿನ ಪೂರ್ತಿ ಬೇಕಾದರೆ ನಾನು ಹೇಳೋ ದಾರಿ ಹಿಡೀರಿ. ಬೆಳಗ್ಗೆ ಮೊದಲು ಯೂಎಲ್ಮ್‌ಗೆ ಹೋಗಿ. ಸ್ಟೋಕ್ ರೋಗಿಂತ ಹಳೆಯ ಊರು, ನನ್ನ ಮಟ್ಟಿಗೆ ಈ ಸುತ್ತಿನಲ್ಲಿ ಅತಿ ಚೆಂದದ ಹಳ್ಳಿ. 1437ರಲ್ಲಿ ಸ್ಥಾಪಿಸಿದ ಬಡವರ ಆಶ್ರಯಧಾಮದಲ್ಲಿ ಈಗಲೂ ಜನ ವಾಸ ಇದ್ದಾರೆ. ಅದೇ ಕಾಲದ ಶಾಲೆಯಲ್ಲಿ ಈಗಲೂ ಮಕ್ಕಳು ಓದ್ತಾರೆ. ಚರ್ಚಿನೊಳಗೆ ಆಲಿಸ್ ಚಾಸರ್ ಸಮಾಧಿ: ಮೇಲೆ ಕಿರೀಟ ಧರಿಸಿ ಮಲಗಿದ ಶ್ರೀಮಂತ ಹೆಂಗಸಿನ ಮೂರ್ತಿ, ಕೆಳಗಿನ ಕಲ್ಲಿನ ಜಾಲಂಧ್ರದೊಳಗೆ ಬಗ್ಗಿ ನೋಡಿದರೆ ಅದೇ ಹೆಂಗಸಿನ ಒಣಗಿದ ಹೆಣದ ಶಿಲ್ಪ. ಮಕ್ಕಳು ಹೆದರಬಹುದು, ಅಥವಾ ಅದೊಂದೇ ಅವರಿಗೆ ನೆನಪಿರಬಹುದು.

ಅಲ್ಲಿಂದ ನೆಟಲ್‌ಬೆಡ್. ಬಾಟಲಿ ಆಕಾರದ ಹಳೇ ಇಟ್ಟಿಗೆ ಗೂಡು ಮನೆಗಳ ಮಧ್ಯೆ ನಿಂತಿದೆ. ನಾನು ಮೇಲೆ ಹೇಳಿದ ಜೇಡಿಮಣ್ಣಿನ ಕಥೆ ಅಲ್ಲಿ ಕಣ್ಣಿಗೇ ಕಾಣುತ್ತೆ. ಆಮೇಲೆ ಸ್ಟೋಕ್ ರೋ. ಸಮಯ ಉಳಿದರೆ ಚೆಕೆಂಡನ್ ಚರ್ಚು, ನಾರ್ಮನ್ ಕಾಲದ್ದು.

ಮಳೆನಾಡ ಹಕ್ಕಿ

ಮಕ್ಕಳಿಗೆ ಆಕಾಶ ನೋಡೋಕೆ ಹೇಳಿ! ಅಲ್ಲಿ ರೆಡ್ ಕೈಟ್ ಅನ್ನೋ ಕೆಂಗಂದು ಬಣ್ಣದ, ಕವಲು ಬಾಲದ ಹದ್ದುಗಳು ತಲೆ ಮೇಲೇ ಸುತ್ತುತ್ತವೆ. ಇಂಗ್ಲೆಂಡಿನಲ್ಲಿ ಅವು ಪೂರ್ತಿ ನಿರ್ನಾಮ ಆಗಿದ್ದವು. 1989ರಿಂದ 1994ರ ನಡುವೆ ಸ್ಪೇನಿನಿಂದ ಮರಿಗಳನ್ನು ತಂದು ಚಿಲ್ಟರ್ನ್ಸ್‌ನಲ್ಲಿ ಬಿಟ್ಟರು. ಈಗ ಎಷ್ಟಾಗಿವೆ ಅಂದ್ರೆ ನಿಮ್ಮ ಮೊಸರನ್ನದ ಡಬ್ಬಿ ಹುಷಾರು. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಹೋದರೆ ಬೀಚ್ ಕಾಡಿನ ನೆಲವೆಲ್ಲ ನೀಲಿ ಬ್ಲೂಬೆಲ್ ಹೂವು.

ಆ ಬೀಚ್ ಮರಗಳೂ ಸುಮ್ಮನೆ ಬೆಳೆದ ಕಾಡಲ್ಲ. ಹೈ ವಿಕಂ ಕುರ್ಚಿ ಕಾರ್ಖಾನೆಗಳಿಗೆ ಕಾಲು ಕಡೆದು ಕೊಡುತ್ತಿದ್ದ ಬಾಜರ್ ಅನ್ನೋ ಕುಶಲಕರ್ಮಿಗಳು ಈ ಕಾಡಲ್ಲೇ ಗುಡಿಸಲು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಡೇರೆಯ ಗೂಟ ಕೆತ್ತಿದ್ದೂ ಇಲ್ಲೇ.

ಕಡತ ಹುಳು

ನಾನು ಬೈದೆ ಅಂತ ಹೋಗದೆ ಇರಬೇಡಿ. ಹೋಗಿ. ಆದರೆ ಸ್ಟೋಕ್ ರೋ ನೋಡಿದವರು ಇಪ್ಸ್‌ಡೆನ್ ಬಾವಿಯನ್ನೂ ನೋಡಿ ಬನ್ನಿ, ಹತ್ತಿರದಲ್ಲೇ ಇದೆ. ಅದಕ್ಕೆ ಚಿನ್ನದ ಆನೆ ಇಲ್ಲ, ಹಾಗಾಗಿ ಫೋಟೋ ತೆಗೆಯೋರೂ ಕಮ್ಮಿ.

ಹೊಸ ವಲಸಿಗ

ಬಹಳ ಥ್ಯಾಂಕ್ಸ್. ಮಾವನವರಿಗೆ ಇದನ್ನೆಲ್ಲ ಓದಿ ಹೇಳಿದೆ. ಹಣ್ಣಿನ ಕಾಲ ಯಾವಾಗ ಅಂತ ಕೇಳ್ತಿದ್ದಾರೆ.

ಕುಡ್ಲದ ಕೂಸು

ಚೆರ್ರಿ ಹಣ್ಣಾಗುವುದು ಜೂನ್ ಕೊನೆಯಿಂದ ಜುಲೈ ಒಳಗೆ. ಹಕ್ಕಿಗಳು ಬಿಟ್ಟರೆ ಉಂಟು. ಹೂವು ನೋಡಬೇಕಾದರೆ ಏಪ್ರಿಲ್.

ರೆಡಿಂಗ್ ರಾಯರು

ಹಾಗಾದ್ರೆ ಜುಲೈ ಮೊದಲ ಶನಿವಾರ ಇಟ್ಟುಕೊಳ್ಳೋಣ್ವಾ? ನನ್ನ ಕಾರಲ್ಲಿ ಮೂರು ಸೀಟು ಖಾಲಿ. ಹುಳು ಅವರೇ, ಒಂದು ನಿಮಗೆ. ಇಪ್ಸ್‌ಡೆನ್ ದಾರಿ ನೀವೇ ತೋರಿಸಬೇಕು.

ಕರದಂಟು ಪ್ರಿಯ

ನಾನೂ ಬರ್ತೇನ್ರಿ, ಸ್ವಿಂಡನ್‌ನಿಂದ ಟ್ರೇನಿಗೆ. ಸ್ಟೇಶನ್ನಿಗೆ ಬಂದು ಕರಕೊಂಡು ಹೋಗ್ರಿ. ಕರದಂಟು ನಾ ತರ್ತೇನಿ, ಚಿತ್ರಾನ್ನ ನಿಮ್ದು.